ಹದಿನೆಂಟು ತೊಲೆ

ಗುರುಪಾದಪ್ಪನವರು ಹೂಮಾಲೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು, ಜನರ ನಡುವೆ ದಾರಿ ಮಾಡಿಕೊಳ್ಳುತ್ತ ಅಂಗಳದೊಳಗೆ ಬಂದರು. ಬೆಳಗಾವಿಯಿಂದ ಖಾನಾಪುರದವರೆಗೆ ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಮಾಲೆ. ಚಟ್ಟದ ಮೇಲೆ ಹಮಾಲ ಕರೆಪ್ಪ ಮಲಗಿದ್ದ. ಹಣೆತುಂಬ ಭಂಡಾರದ ಅರಿಶಿನ ಬಳಿದಿದ್ದರು.

"ಸರೀರಿ, ಬೆಳಗಾವಿ ಸಾವಕಾರ್ರು ಬಂದಾರ," ಎಂದ ಕರೆಪ್ಪನ ಮಗ ಸೋಮಲಿಂಗ. ಪಕ್ಕದವರಿಗೆ ಹೇಳಿದ: "ಸವಾಲ ಕಟ್ಟಡ ಉಳಿಸಿದವ್ರು ಇವರ ನೋಡ್ರಿ."

ಗುರುಪಾದಪ್ಪನವರ ಕಿವಿ ಬಿಸಿಯಾಯಿತು.

*

ಅಕ್ಕಿಯ ಸವಾಲು, ಅಂದರೆ ಹರಾಜು, ನಡೆಯುತ್ತಿದ್ದ ಬೆಳಗಾವಿ ಪೇಟೆಯ ಆ ಹಳೆಯ ಕಟ್ಟಡವನ್ನು ಕೆಡವಬೇಕೆಂದು ಮೂರು ವರ್ಷದ ಹಿಂದೆ ನಗರಪಾಲಿಕೆಯಲ್ಲಿ ತೀರ್ಮಾನವಾಗಿತ್ತು. ಮಾಡಿನ ತೊಲೆಗಳೆಲ್ಲ ಲಡ್ಡಾಗಿವೆ ಎಂಬ ಮಾತು. ವರ್ತಕರ ಸಂಘದ ಅಧ್ಯಕ್ಷರಾಗಿದ್ದ ಗುರುಪಾದಪ್ಪನವರು ಕೈಚೆಲ್ಲಿ ಕೂತಿದ್ದಾಗ, ಅರವತ್ತು ದಾಟಿದ್ದ ಕರೆಪ್ಪ ಏಣಿ ಹತ್ತಿದ. ಚೀಲ ಹೊಲಿಯುವ ದಬ್ಬಣದಿಂದ ಹದಿನೆಂಟು ತೊಲೆಗಳನ್ನೂ ಚುಚ್ಚಿ ಚುಚ್ಚಿ ನೋಡಿದ.

"ಎರಡ ಕೆಟ್ಟಾವ್ರಿ ಸಾವಕಾರ್ರ! ಉಳದವು ಇನ್ನ ನೂರು ವರ್ಷ ಬಾಳತಾವು!" ಮೇಲಿಂದಲೇ ಕೂಗಿದ.

ಗುರುಪಾದಪ್ಪನವರು ಅದನ್ನೇ ಪಾಲಿಕೆಗೆ ಬರೆದು ಕಳಿಸಿದರು, ತಾವೇ ಪರಿಶೀಲಿಸಿದ್ದು ಎಂದು. ತನಿಖೆಗೆ ಬಂದವರೂ ಒಪ್ಪಿದರು. ಕಟ್ಟಡ ಉಳಿದು ಸಾರ್ವಜನಿಕ ವಾಚನಾಲಯವಾಯಿತು. ಬಾಗಿಲ ಬಳಿಯ ಕಲ್ಲಿನಲ್ಲಿ ಗುರುಪಾದಪ್ಪನವರ ಹೆಸರು ಕೆತ್ತಿದರು.

ತೆರೆದ ಮರುದಿನ ಕರೆಪ್ಪ ಒಗೆದ ಧೋತರ ಉಟ್ಟು ಬಂದ. ಗುಮಾಸ್ತ ಬಾಗಿಲಲ್ಲೇ ತಡೆದ.

"ಓದಾಕ ಬರತೈತೇನು?"

"ಇಲ್ರಿ. ನಲವತ್ತು ವರ್ಷ ಚೀಲ ಹೊತ್ತ ಜಾಗಾ. ಸುಮ್ನ ಕುಂದರತೇನಿ."

"ಇದೇನ್ ಧರ್ಮಶಾಲಿ ಅಲ್ಲ."

ಕರೆಪ್ಪ ಒಳಗೆ ಇಣುಕಿದ. ಮೊದಲ ಮೇಜಿನಲ್ಲಿದ್ದ ಗುರುಪಾದಪ್ಪನವರ ಕಣ್ಣಿಗೆ ಕಣ್ಣು ಕೂಡಿತು. ಅವರ ಸುತ್ತ ಊರಿನ ನಾಲ್ಕು ದೊಡ್ಡವರು ಕೂತಿದ್ದರು. ಇವನು ಒಳಬಂದು ತೊಲೆಯ ಮಾತು ತೆಗೆದರೆ? ಗುರುಪಾದಪ್ಪನವರು ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿದರು. ಇಳಿಸಿದಾಗ ಬಾಗಿಲು ಖಾಲಿಯಿತ್ತು.

*

ಮಾಲೆ ಹಾಕಿ ಹಿಂದೆ ಸರಿಯುತ್ತಿದ್ದ ಗುರುಪಾದಪ್ಪನವರನ್ನು ಕರೆಪ್ಪನ ಹೆಂಡತಿ ಭರಮವ್ವ ತಡೆದಳು.

"ದಿನಾ ಮುಂಜಾನಿ ಗಾಡಿಗೆ ಬೆಳಗಾವಿಗೆ ಹೋಗತಿದ್ರು. ಒಳಗ ಸಾವಕಾರ್ರ ಬಾಜೂಕನ ಕುಂದರತೇನಿ ಅಂತಿದ್ರು. ಖರೇ ಏನ್ರಿ?"

ಹೌದೆಂದರೆ ಮುಗಿಯುತ್ತಿತ್ತು. ಗುರುಪಾದಪ್ಪನವರು ಕರೆಪ್ಪನ ಮುಖ ನೋಡಿದರು.

"ಇಲ್ಲವ್ವ," ಎಂದರು ಕೊನೆಗೆ. "ಹೊರಗ ಕಟ್ಟಿ ಮ್ಯಾಲೆ ಕುಂದರತಿದ್ದ. ನಾ ದಿನಾ ನೋಡತಿದ್ದೆ. ಒಳಗ ಕರೀಲಿಲ್ಲ. ಆ ಕಟ್ಟಡ ಉಳಿಸಿದವನೂ ಅವನ. ನಾ ಅಲ್ಲ."

ಭರಮವ್ವ ಗಂಡನ ಮುಖದ ಮೇಲಿನ ನೊಣ ಓಡಿಸಿದಳು.

"ನನಗ ಗೊತ್ತಿತ್ರಿ. ಒಳಗ ಯಾವ ಬಣ್ಣಾ ಬಳದಾರ ಅಂತ ಒಮ್ಮಿ ಕೇಳಿದೆ. ಹೇಳಾಕ ಬರಲಿಲ್ಲ ಅವರಿಗೆ. ಮತ್ತ ನಾ ಕೇಳಲಿಲ್ಲ."

ಚಟ್ಟ ಎತ್ತುವ ಹೊತ್ತಾಯಿತು. ಗುರುಪಾದಪ್ಪನವರು ಯಾರನ್ನೂ ಕೇಳದೆ ಮುಂದಿನ ಬಿದಿರಿಗೆ ಹೆಗಲು ಕೊಟ್ಟರು. ಏನನ್ನೂ ಹೊತ್ತು ಗೊತ್ತಿರದ ಮೈ. ಎರಡೇ ಹೆಜ್ಜೆಗೆ ಚಟ್ಟ ಅವರ ಕಡೆ ವಾಲಿತು. ಹಿಂದಿದ್ದ ಹಮಾಲರು ನಿಂತುಬಿಟ್ಟರು.

ಸೋಮಲಿಂಗ ಅವರ ಮುಖ ನೋಡಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಅವರ ಹೆಗಲಿಗೂ ಬಿದಿರಿಗೂ ನಡುವೆ ಒತ್ತಿ ಇಟ್ಟ, ಹೊಸದಾಗಿ ಹಮಾಲಿಗೆ ಬಂದವರಿಗೆ ಇಡುವ ಹಾಗೆ.