ಒಂದೇ ಬಟ್ಟಲಿನ ಮದರಂಗಿ

ಖರ್ಜೂರದ ಮರಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಅಂತ ಅಜ್ಜಿಯರು ಶುರು ಮಾಡುತ್ತಾರಲ್ಲ, ಹಾಗೆಯೇ ಅಂದುಕೊಳ್ಳಿ. ಗಾಬೆಸ್ ಎಂಬ ಊರಿನ ಖರ್ಜೂರದ ತೋಪಿನಲ್ಲಿ ಒಂದೇ ಎದೆಯ ಹಾಲು ಕುಡಿದ ಇಬ್ಬರು ಹುಡುಗಿಯರಿದ್ದರು. ಒಬ್ಬಳು ಗೋಧಿ ಬಣ್ಣದ ವಸೀಲಾ. ಇನ್ನೊಬ್ಬಳು ಮಾಗಿದ ಖರ್ಜೂರದ ಬಣ್ಣದ ತೆಬ್ರಾ. ವಸೀಲಾಳನ್ನು ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಾಗ, ತೆಬ್ರಾಳ ಅವ್ವ ಮಸೂದಾ ಎರಡು ಕೂಸುಗಳನ್ನೂ ಎರಡು ಮಗ್ಗುಲಲ್ಲಿ ಮಲಗಿಸಿಕೊಂಡು ಹಾಲೂಡಿಸಿದ್ದಳು.

ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ, ಮದರಂಗಿ ಗಿಡಗಳ ನಡುವಿನ ಕಾಲುವೆಗೆ ಕಾಲು ಇಳಿಬಿಟ್ಟುಕೊಂಡು, ಇಬ್ಬರೂ ಮಾತು ಕೊಟ್ಟುಕೊಂಡರು. ಯಾರ ಮದುವೆ ಮೊದಲಾದರೂ ಸರಿ, ಮದುಮಗಳ ಹಾಸಿನ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂರಬೇಕು, ಒಂದೇ ಬಟ್ಟಲಿನ ಮದರಂಗಿ ಇಬ್ಬರ ಕೈಗೂ ಏರಬೇಕು. ಕಾಲುವೆಯ ನೀರು ಆ ಮಾತನ್ನು ಕೇಳಿಸಿಕೊಂಡೇ ಮುಂದಕ್ಕೆ ಹರಿಯಿತು ಅಂತ ತೆಬ್ರಾ ಎಷ್ಟೋ ವರ್ಷ ನಂಬಿದ್ದಳು.

ಆದರೆ ಆ ಹಾಸು ಮದುಮಗಳ ಅಕ್ಕತಂಗಿಯರದು. ತೆಬ್ರಾಳ ಮನೆತನದ ಹೆಂಗಸರು ಊರಿನ ಮದುವಣಗಿತ್ತಿಯರ ಕೈಯನ್ನೆಲ್ಲ ಕೆಂಪು ಮಾಡಿದವರೇ. ನೆಲದ ಮೇಲೆ ಕೂತು, ಹಾಸಿನ ಅಂಚು ಕೂಡ ಮುಟ್ಟದೆ. ಅವರ ಬಣ್ಣಕ್ಕೆ ಊರು ಇಟ್ಟ ಹೆಸರೇ ‘ಆಳು’.

ವಸೀಲಾಳ ಮದರಂಗಿಯ ದಿನ ಬಂತು. ಮಸೂದಾಳ ಬೆರಳುಗಳು ವಾತಕ್ಕೆ ಸೆಟೆದುಕೊಂಡಿದ್ದವು, ಹಾಗಾಗಿ ಬಟ್ಟಲು ಮಗಳ ಕೈಗೆ ಬಂತು.

“ಹಚ್ಚು, ಎರಡು ಹಾಡು ಹೇಳು, ಸುಮ್ನೆ ಬಾ,” ಅಂದಳು ಅವ್ವ. “ಆ ಚಿಕ್ಕಂದಿನ ಮಾತು ಅಲ್ಲಿ ತೆಗೀಬೇಡ. ನಾಳೆಯಿಂದ ಒಂದು ಮನೆಯವರೂ ಕರೆಯಲ್ಲ.”

“ಹಾಲು ಕೊಡೋವಾಗಲೂ ಹೀಗೇ ಹೆದರಿದ್ಯಾ ಅವ್ವಾ?”

“ಹೋಗೇ, ಬಾಯಿ ಬಹಳ ಆಯ್ತು.”

ಅಲ್ಲಿ ಕೋಣೆ ತುಂಬ ಹೆಂಗಸರು, ಡೋಲಿನ ಸದ್ದು, ಅತ್ತರಿನ ಘಮ. ಹಾಸಿನ ನಡುವೆ ವಸೀಲಾ; ಪಕ್ಕದಲ್ಲಿ ಅವಳ ಸೋದರತ್ತೆಯ ಮಗಳು ಕಾಲು ಚಾಚಿಕೊಂಡು ಕೂತಿದ್ದಳು. ತೆಬ್ರಾ ಹೊಸ್ತಿಲು ದಾಟುತ್ತಲೇ ವಸೀಲಾ ಸರಿದು ಕೂತಳು. “ಬಾರೇ ಇಲ್ಲಿ!”

“ಎಲ್ಲಿಗೆ?” ಅಂದಳು ವಸೀಲಾಳ ಅಜ್ಜಿ ಖದೂಜಾ, ಊರಿನವರೆಲ್ಲ ‘ಲಲ್ಲಾ’ ಅಂದರೆ ಅಮ್ಮಾವರು ಅಂತ ಗೌರವದಿಂದ ಕರೆಯುವವಳು. ಊರುಗೋಲಿನಿಂದ ನೆಲ ತೋರಿಸಿದಳು. “ನಿಮ್ಮವ್ವ ಕೂರ್ತಿದ್ದ ಜಾಗ ಅಲ್ಲಿದೆ. ಹಾಸು ಅಕ್ಕತಂಗೀರಿಗೆ.”

ತೆಬ್ರಾ ಬಟ್ಟಲನ್ನು ಕೆಳಗಿಟ್ಟಳು. ತಾನು ಕೂರಲಿಲ್ಲ.

“ಲಲ್ಲಾ, ಒಂದು ಮಾತು. ಹೋದ ವರ್ಷ ನಮ್ಮಣ್ಣ ಫರ್ಜಾನಿ ವಸೀಲಾನ ಬಸ್ಸಿಂದ ಮನೆ ತನಕ ಬಿಟ್ಟು ಹೋದ ಅಂತ ಬೀದಿಯವರು ಬಾಯಿಗೆ ಬಂದ ಹಾಗೆ ಆಡ್ಕೊಂಡ್ರಲ್ಲ. ಆಗ ರೊಟ್ಟಿ ಅಂಗಡಿ ಮುಂದೆ ನಿಂತು ನೀವೇನು ಕೂಗಿದ್ರಿ?”

ಮೂಲೆಯಿಂದ ನೆರೆಮನೆಯವಳೊಬ್ಬಳು ನಕ್ಕಳು. “ನಾನೇ ಕೇಳಿಸ್ಕೊಂಡೆ! ‘ಒಂದೇ ಎದೆ ಹಾಲು ಕುಡಿದ ಅಣ್ಣತಂಗಿ ಕಣ್ರೋ, ನಿಮ್ಮ ನಾಲಗೆಗೆ ಹುಳ ಬೀಳ’ ಅಂದ್ರು. ಅರ್ಧ ಊರಿಗೆ ಕೇಳಿಸ್ತು.”

“ಅವನು ಅಣ್ಣ ಆದ್ರೆ ನಾನು ಏನಾದೆ ಲಲ್ಲಾ?”

“ಅದು ಮನೆ ಮರ್ಯಾದೆ ಉಳಿಸೋಕೆ ಅಂದಿದ್ದು. ಪದ್ಧತಿ ಬೇರೆ. ಅವರವರಿಗೆ ಒಂದು ಜಾಗ ಅಂತ ಇರುತ್ತೆ. ನಾನು ಹೋಗಿ ಗಂಡಸರ ಮುಂದೆ ಕೂರ್ತೀನಾ?”

“ಕೂರಲ್ಲ. ನಿಮ್ಮಪ್ಪನ ತೋಟ ಹಂಚೋವಾಗ ನಿಮ್ಮನ್ನ ಬಾಗಿಲ ಹಿಂದೆ ಕೂರಿಸಿದ್ರು. ಹೆಂಗಸಿಗ್ಯಾಕೆ ಖರ್ಜೂರದ ಮರ ಅಂದ್ರು. ಆವತ್ತು ನೀವು ನಮ್ಮವ್ವನ ಹೆಗಲ ಮೇಲೆ ತಲೆಯಿಟ್ಟು ಅತ್ರಂತೆ.” ತೆಬ್ರಾಳ ದನಿ ತಾನಾಗಿ ಮೆತ್ತಗಾಯಿತು. “ಆ ಜಾಗ ನೀವೇ ಆರಿಸ್ಕೊಂಡಿದ್ದಾ?”

ಡೋಲು ನಿಂತಿತು. ಮುಗಿಯಿತು, ಇನ್ನು ಯಾವ ಮದುವೆ ಮನೆಯೂ ಕರೆಯುವುದಿಲ್ಲ ಅಂದುಕೊಂಡಳು ತೆಬ್ರಾ. ಅವ್ವನ ಸೆಟೆದ ಬೆರಳುಗಳು ಕಣ್ಣೆದುರು ಬಂದವು. ಅಷ್ಟರಲ್ಲಿ ವಸೀಲಾ ಎರಡೂ ಮುಷ್ಟಿ ಬಿಗಿದು ಮಡಿಲಲ್ಲಿಟ್ಟುಕೊಂಡಳು.

“ನಮ್ಮಕ್ಕ ನೆಲದ ಮೇಲೆ ಕೂತ್ರೆ ಈ ಕೈ ಬಿಚ್ಚಲ್ಲ. ಬರೀ ಕೈಯಲ್ಲೇ ಹೋಗ್ತೀನಿ ಗಂಡನ ಮನೆಗೆ.”

ಲಲ್ಲಾ ಖದೂಜಾ ಬಟ್ಟಲಿನ ಕಡೆ ನೋಡಿದಳು. ಮದರಂಗಿಯ ಅಂಚು ಒಣಗಿ ಬಿರುಕು ಬಿಡುತ್ತಿತ್ತು. ಊರುಗೋಲಿನಿಂದ ಸೋದರತ್ತೆಯ ಮಗಳ ಕಾಲು ತಿವಿದಳು.

“ಸರ್ಕೊಳ್ಳೇ ಆ ಕಡೆ, ಒಂಟೆ ಮಲಗಿದ ಹಾಗೆ ಬಿದ್ಕೊಂಡಿದೀಯ.” ಆಮೇಲೆ ತೆಬ್ರಾಳ ಕಡೆ ತಿರುಗಿದಳು. “ನೀನು ಕೂತ್ಕೋ. ಬೀದೀಲಿ ಒಂದು, ಮನೇಲಿ ಒಂದು ಹೇಳಿ ಅಲ್ಲಾಹನ ಮುಂದೆ ನಿಲ್ಲೋ ವಯಸ್ಸಲ್ಲ ನಂದು.”

ತೆಬ್ರಾ ಹೋಗಿ ವಸೀಲಾಳ ಪಕ್ಕ ಕೂತಳು. ಹಾಸಿನ ಉಣ್ಣೆ ಅವಳು ನೆನೆಸಿದ್ದಕ್ಕಿಂತ ಒರಟಾಗಿತ್ತು. ಇದಕ್ಕಾ ಇಷ್ಟೆಲ್ಲ ಅನ್ನಿಸಿ ನಗು ಉಕ್ಕಿತು, ವಸೀಲಾಳಿಗೂ ಉಕ್ಕಿತು. ಹೆಂಗಸರು ನಾಲಗೆ ಆಡಿಸಿ ಉಲುಲುಲು ಅಂತ ಮದುವೆಯ ಖುಷಿಯ ಕೂಗು ಹಾಕಿದರು. ತೆಬ್ರಾ ಗೆಳತಿಯ ಎರಡೂ ಅಂಗೈಗೆ ಮದರಂಗಿ ಮೆತ್ತಿ, ಬಿಳಿ ಬಟ್ಟೆ ಸುತ್ತಿ ಕಟ್ಟಿದಳು.

ವಸೀಲಾ ಗಂಟಿನಂತಾದ ಎರಡೂ ಕೈಗಳನ್ನು ಮೇಲೆತ್ತಿದಳು. “ಈಗ ಇವಳಿಗೆ ಯಾರು ಹಚ್ತೀರಿ?”

ಕರಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮದರಂಗಿ ಹಚ್ಚಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

“ಕೊಡು ಇಲ್ಲಿ,” ಅಂದಳು ಲಲ್ಲಾ, ತೋಳು ಮೇಲೇರಿಸುತ್ತ.

ಮುದ್ದೆ ಮುದ್ದೆಯಾಗಿ ಮೆತ್ತಿದಳು. ಅರ್ಧ ಅವಳ ಕೈಗೇ ಅಂಟಿತು.

“ಲಲ್ಲಾ, ಇದು ರೊಟ್ಟಿ ಹಿಟ್ಟಲ್ಲ!”

“ಬಾಯ್ಮುಚ್ಚೇ. ನಾನು ಹಚ್ಚಿಸ್ಕೊಂಡವಳು, ಹಚ್ಚಿದವಳಲ್ಲ. ಕೈ ಅಲ್ಲಾಡಿಸ್ಬೇಡ.”

ಬಟ್ಟೆ ಸುತ್ತಿ, ಉಳಿದಿದ್ದ ನಾಲ್ಕು ಹಲ್ಲಲ್ಲೇ ತುದಿ ಕಚ್ಚಿ, ಗಂಟು ಬಿಗಿದಳು. ಬಟ್ಟಲು ಖಾಲಿಯಾಗಿತ್ತು. ಹಾಸಿನ ಮೇಲೆ ಮಂಡಿಗೆ ಮಂಡಿ ತಾಗಿತ್ತು.