ಒರೆಸಿದ ಕೋಲು

"ನಿನ್ನ ಮೈಯಲ್ಲಿ ಹರಿಯೋದು ರಕ್ತಾನೋ, ನೀರೋ?" ಕರೆಂಟು ಕಂಬದ ಬುಡದಲ್ಲಿ ನಿಂತು ಭಾವ ಎಲ್ಲರ ಮುಂದೆ ಕೇಳಿದ. "ಫ್ಯೂಸ್ ಹಾಕು ಅಂದ್ರೆ ಕೈಕಾಲು ನಡುಗಿಸ್ತಾನೆ. ಇವನಕ್ಕ ಗೋಗರೆದಳು ಅಂತ ಇವನನ್ನ ಕೆಲಸಕ್ಕೆ ಸೇರಿಸ್ಕೊಂಡೆ ನೋಡು, ನನಗೆ ನಾನೇ ಹೊಡ್ಕೋಬೇಕು."

ಲಾಂಡ್ರಿಯವನು ಕಿಸಕ್ಕನೆ ನಕ್ಕ. ಅವನ ಮೆಷಿನ್ನುಗಳಲ್ಲಿ ಬಟ್ಟೆ ನೆನೆದು ಕೂತಿತ್ತು, ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ವ್ಯಾನಿನ ಡ್ರೈವರ್ ಬಾನೆಟ್ಟಿಗೆ ಒರಗಿಕೊಂಡು, "ಬಿಡಿ ಮೇಸ್ತ್ರಿ, ಬಾಮೈದನಿಗೆ ಒಂದು ಕುರ್ಚಿ ಹಾಕಿಸೋಣ, ಕೂತು ನೋಡ್ಲಿ" ಅಂದ. ಲೈನಿನ ಕೆಲಸದವರಿಗೆಲ್ಲ ಆ ಹುಡುಗ ಬಾಮೈದನೇ. ಮೇಸ್ತ್ರಿಯ ಹೆಂಡತಿಯ ತಮ್ಮ, ಅಷ್ಟೇ ಅವನ ಹೆಸರು.

ಬಾಮೈದ ನೋಡುತ್ತಿದ್ದದ್ದು ಅವರ ಮುಖಗಳನ್ನಲ್ಲ, ಕೋಲನ್ನು. ಉದ್ದದ ಹಳದಿ ಫೈಬರ್ ಕೋಲು, ತುದಿಗೊಂದು ಕೊಕ್ಕೆ. ಅದರಿಂದ ಫ್ಯೂಸನ್ನು ಎತ್ತಿ ಕಂಬದ ಮೇಲೆ ಸಿಗಿಸಬೇಕು, ಅದೂ ಮೇಲಿನ ತಂತಿಯಲ್ಲಿ ಕರೆಂಟು ಇರುವಾಗಲೇ. ಕರೆಂಟಿಗೂ ಮನುಷ್ಯನಿಗೂ ನಡುವೆ ಇರೋದು ಆ ಕೋಲೊಂದೇ. ರಬ್ಬರ್ ಗ್ಲೌಸ್ ಹರಿದುಹೋಗಿ ಹೊಸದು ಇನ್ನೂ ಬಂದಿರಲಿಲ್ಲ.

ನಿನ್ನೆ ಹೀಟರ್ ಉರಿಯುವ ಸ್ಟೋರ್ ರೂಮಿನಲ್ಲಿ ಕೋಲನ್ನು ಟೆಸ್ಟ್ ಮಾಡಿದ್ದರು. ಕೋಲು ಸರಿಯಿದೆ ಅಂತ ಟೆಸ್ಟರಿನ ಹಸಿರು ದೀಪ ಹತ್ತಿತ್ತು. ಭಾವ ಖುಷಿಯಿಂದ ಸೀಮೆಸುಣ್ಣದಲ್ಲಿ ರೈಟ್ ಗುರುತು ಹಾಕಿ, ಬೆಳಿಗ್ಗೆ ಬೇಗ ಹೊರಡೋಣ ಅಂತ ಕೋಲನ್ನು ವ್ಯಾನಿನ ಮೇಲೆಯೇ ಕಟ್ಟಿಬಿಟ್ಟಿದ್ದ. ರಾತ್ರಿಯಿಡೀ ಮಂಜು ಸುರಿದಿತ್ತು. ಈಗ ಕಂಬದ ತುದಿಯೂ ಕಾಣುತ್ತಿರಲಿಲ್ಲ. ಭಾವ ತನ್ನ ಕತ್ತಿನ ಟವೆಲ್ ತೆಗೆದು, ವಾರದ ಬೆವರು ಮೆತ್ತಿದ್ದ ಅದೇ ಟವೆಲ್ಲಿನಲ್ಲಿ, ಕೋಲನ್ನು ಮೇಲಿಂದ ಕೆಳಗೆ ಒರೆಸಿದ. ಪಳಪಳ ಹೊಳೆಯಿತು.

ಆ ಹೊಳಪೇ ಬಾಮೈದನನ್ನು ಹೆದರಿಸಿದ್ದು.

ಟೆಸ್ಟರ್ ತಂದುಕೊಟ್ಟ ಕಂಪನಿಯವನು ನಿನ್ನೆ ಊಟದ ಹೊತ್ತಿಗೆ ಹೇಳಿದ್ದ. ಭಾವ ಆಗ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಒಣಗಿದೆ ಅನ್ನಿಸೋ ಕೋಲಿಗೂ ನೀರು ಅಂಟಿರುತ್ತೆ. ಮೈಗೆ ಹತ್ತಿ ಕೂತ ಮೊದಲ ಪದರ ಗಪ್‌ಚಿಪ್, ಕರೆಂಟು ಎಷ್ಟು ಎಳೆದರೂ ಮಿಸುಕೋದಿಲ್ಲ. ಅದು ನೀರಿನ ಹಾಗೆ ನಡೆದುಕೊಳ್ಳೋದೇ ಇಲ್ಲ. ಆದರೆ ಅದರ ಮೇಲೆ ಇನ್ನೊಂದು, ಮತ್ತೊಂದು ಪದರ ಕೂತವು ಅನ್ನು, ಮೇಲಿನವು ಸಡಿಲ. ಕರೆಂಟು ಕರೆದ ಕಡೆ ತಿರುಗಿಬಿಡ್ತವೆ. ಬೆವರಿನ ಉಪ್ಪು ಸೇರಿದರಂತೂ ದಾರಿ ಸಲೀಸು. ಇದ್ಯಾವುದೂ ಕಣ್ಣಿಗೆ ಕಾಣೋದಿಲ್ಲ.

"ಭಾವ, ಸ್ಟೋರಿಗೆ ಒಯ್ದು ಕಾಯಿಸಿಕೊಂಡು ಬರೋಣ. ಇಲ್ಲಾ ಸಬ್‌ಸ್ಟೇಷನ್ನಿಂದ ಲೈನ್ ಆಫ್ ಮಾಡಿಸಿ."

"ಆಫ್ ಮಾಡಿಸಿದ್ರೆ ಇಡೀ ಬೀದಿ ನನ್ನ ಜನ್ಮ ಜಾಲಾಡುತ್ತೆ. ಸರಿ ಅತ್ಲಾಗೆ!"

ಭಾವ ಕೋಲನ್ನು ಎತ್ತೇಬಿಟ್ಟ. ಬೆಳಿಗ್ಗೆ ಅಕ್ಕ ಡಬ್ಬಿ ಕೊಡುತ್ತಾ, "ನಿಮ್ಮ ಭಾವ ಯಾರ ಮಾತೂ ಕೇಳಲ್ಲ, ನೀನಾದ್ರೂ ಹತ್ತಿರ ಇರೋ" ಅಂದಿದ್ದಳು. ಹತ್ತಿರ ಇದ್ದಾನೆ. ಇದ್ದು ಏನು ಕಿಸೀತಾನೆ? ಈಗ ಭಾವನ ಮೈ ಮುಟ್ಟಿದರೆ ಇಬ್ಬರೂ ಸುಟ್ಟು ಕರಕಲು. ಕೂಗಿದರೆ ಕೈ ಅದುರುತ್ತೆ.

ಕೊಕ್ಕೆ ಮಂಜಿನೊಳಗೆ ಮರೆಯಾಯಿತು. ಮೇಲೆಲ್ಲೋ ಚುರ್ ಅಂತು. ಸದ್ದು ನಿಲ್ಲಲಿಲ್ಲ. ಇರುವೆ ಸಾಲಿನ ಹಾಗೆ ಕೋಲಿನ ಮೈಮೇಲೆ ಚುರುಚುರು ಅನ್ನುತ್ತಾ ಕೆಳಗೆ ಇಳಿಯತೊಡಗಿತು. ಅದರ ಜೊತೆಗೇ ನೀಲಿ ಬೆಳಕಿನ ಒಂದು ಎಳೆ. ಭಾವನ ಮೊಣಕೈ ಫಟ್ಟನೆ ಎಗರಿತು. ಖಟ್! ಫ್ಯೂಸ್ ಕೂತಿತು. ಕೋಲು ಕೈಜಾರಿ ನೆಲಕ್ಕೆ ಬಿತ್ತು. ಲಾಂಡ್ರಿಯ ಬೋರ್ಡಿನ ದೀಪ ಹೊತ್ತಿಕೊಂಡಿತು.

ಲಾಂಡ್ರಿಯವನು ಚಪ್ಪಾಳೆ ಹೊಡೆದ. "ಅದಪ್ಪಾ ಗಂಡಸು ಅಂದ್ರೆ!"

"ನೋಡಿದ್ಯಾ? ಏನಾಯ್ತು?" ಅಂದ ಭಾವ. "ಏನೂ ಆಗ್ಲಿಲ್ಲ." ಹಲ್ಲು ಕಿರಿದ. ಬಲಗೈಯನ್ನು ಮಾತ್ರ ಕಂಕುಳಲ್ಲಿ ಸಿಗಿಸಿಕೊಂಡಿದ್ದ. ಡ್ರೈವರ್ ಬೀಡಿ ಚಾಚಿದಾಗ ಅದನ್ನು ಎಡಗೈಯಲ್ಲಿ ತೆಗೆದುಕೊಂಡ. ಕಂಕುಳ ಸಂದಿಯಿಂದ ಬಾಮೈದನಿಗೆ ಕಂಡಿತು: ಬೆರಳುಗಳು ಸೊಟ್ಟಗೆ ಮಡಚಿಕೊಂಡು ಬಿಚ್ಚಲಾರದೆ ಒದ್ದಾಡುತ್ತಿದ್ದವು. ಭಾವನ ತುಟಿಯ ಬಣ್ಣ ಹೋಗಿತ್ತು. ಅವನ ಕಣ್ಣು ಬಾಮೈದನ ಕಣ್ಣಿಗೆ ಒಂದು ಗಳಿಗೆ ಸಿಕ್ಕಿ, ತಪ್ಪಿಸಿಕೊಂಡು ಓಡಿತು.

ಗೊತ್ತಾಗಿದೆ ಇವನಿಗೆ. ಗೊತ್ತಾಗಿದ್ದೂ ಕೋಲು ಮತ್ತೆ ಎತ್ತುತ್ತಾನೆ, ನಾಲ್ಕು ಜನ ನೋಡ್ತಿದ್ದಾರೆ ಅಂತ.

"ಇನ್ನೆರಡು ಫ್ಯೂಸ್ ಹಾಕಿದ್ರೆ ಮೆಷಿನ್ ತಿರುಗುತ್ತೆ ಕಣ್ರೀ," ಭಾವ ಲಾಂಡ್ರಿಯವನಿಗೆ ಹೇಳಿ, ಟವೆಲ್ಲಿಗೆ ಕೈ ಹಾಕಿದ. "ಏನೋ ಬಾಮೈದ, ಈಗಲಾದ್ರೂ ಧೈರ್ಯ ಬಂತಾ? ಇಲ್ಲಾ ಇವೆರಡನ್ನೂ ನಾನೇ ಹಾಕ್ಲಾ?"

ಬಾಮೈದ ಬಗ್ಗಿ ಕೋಲನ್ನು ಎತ್ತಿಕೊಂಡ. ಅಂಗೈಗೆ ತಣ್ಣಗೆ ಹತ್ತಿತು. ಹೆಗಲ ಮೇಲೆ ಇಟ್ಟುಕೊಂಡು, ಕಂಬಕ್ಕೆ ಬೆನ್ನು ಮಾಡಿ, ಹೀಟರ್ ಉರಿಯುವ ಸ್ಟೋರ್ ರೂಮಿನ ದಾರಿ ಹಿಡಿದ.

"ಏಯ್! ಎಲ್ಲಿಗೋ? ಇಡೋ ಕೋಲು!"

"ಓಡ್ತಾ ಇದಾನೆ ನೋಡ್ರೋ!" ಅಂತ ಡ್ರೈವರ್ ಕೂಗಿದ. ನಗು ಎದ್ದಿತು.

"ನಾಳೆಯಿಂದ ಕೆಲಸಕ್ಕೆ ಬರಬೇಡ! ಕೇಳಿಸ್ತಾ? ಮನೆಗೂ ಕಾಲಿಡಬೇಡ!" ಭಾವನ ದನಿ ಒಡೆದಿತ್ತು.

ಬಾಮೈದ ತಿರುಗಿ ನೋಡಲಿಲ್ಲ. ಕೋಲಿನ ಕೊಕ್ಕೆ ಅವನ ಬೆನ್ನ ಹಿಂದೆ ತೂಗುತ್ತಾ ಮಂಜಿನೊಳಗೆ ಹೋಯಿತು.