ಗಡಿಯಾರದ ಪಕ್ಕದ ಮುಖ

ಬಣ್ಣದ ವಿಷಯದಲ್ಲಿ ನನಗೆ ಸಿಟ್ಟು ಬೇಗ ಬರುತ್ತದೆ. ಸೀರೆಗೆ ಹೊಂದದ ರವಿಕೆಯನ್ನಾದರೂ ಸಹಿಸಿಕೊಂಡೇನು, ನಾನೇ ಬರೆದ ಚಿತ್ರ ಕಂಪ್ಯೂಟರಿನಲ್ಲಿ ಬೇರೆ ಬಣ್ಣಕ್ಕೆ ತಿರುಗಿ ಕೂತರೆ ಊಟ ಸೇರುವುದಿಲ್ಲ. ಹಾಗೆ ನೋಡಿದರೆ ಎಷ್ಟೋ ವರ್ಷದಿಂದ ನಾನು ಸರಿಯಾಗಿ ಊಟವನ್ನೇ ಮಾಡಿಲ್ಲ ಎನ್ನಬೇಕು.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ. ಸುತ್ತಮುತ್ತಲಿನ ಹಾಲಿನ ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಯಾರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು ಬಂತು ಎನ್ನುವುದೆಲ್ಲ ಅದರಲ್ಲಿ ಏರುತ್ತದೆ. ಸಾಫ್ಟ್‌ವೇರ್ ಚಾಲೂ ಇದೆ ಎಂದು ತೋರಿಸಲು ಪರದೆಯ ಕೆಳಗೆ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ, ಕಡಲೆಕಾಳಿನಷ್ಟು ಪುಟ್ಟ ಐಕಾನ್ ಒಂದು ಕೂತಿರುತ್ತದೆ. ಅದಕ್ಕೆಂದು ನಾನು ಹಿತ್ತಾಳೆಯ ಹಾಲಿನ ತಂಬಿಗೆ ಬರೆದಿದ್ದೆ. ಬಾಯಿಯ ಹತ್ತಿರ ನೆರಳು, ಹೊಟ್ಟೆಯ ಮೇಲೆ ಹೊಳಪು, ನಡುವೆ ಒಂದು ಕೆಂಪು ಗುರುತು. ಆದರೆ ಆಗ ಬಳಸಿದ ಹಳೆಯ ಪದ್ಧತಿಯಲ್ಲಿ ಆ ಮೂಲೆಗೆ ಬರುತ್ತಿದ್ದದ್ದು ಹದಿನಾರೇ ಬಣ್ಣ. ನನ್ನ ಹಿತ್ತಾಳೆ ಹೋಗಿ ಹಳದಿ ಉಂಡೆಯಾಯಿತು, ನೆರಳು ಕಪ್ಪು ಮುದ್ದೆಯಾಯಿತು, ಗುರುತು ದಪ್ಪ ಚುಕ್ಕೆಯಾಯಿತು. ಅದು ತಂಬಿಗೆ ಎಂದು ಆಣೆ ಮಾಡಿ ಹೇಳಿದರೂ ಯಾರೂ ನಂಬುವಂತಿರಲಿಲ್ಲ.

ಈ ವರ್ಷ ಹಟ ಹಿಡಿದು ಇಡೀ ಸಾಫ್ಟ್‌ವೇರನ್ನು ಹೊಸದಾಗಿ ಬರೆದೆ. ಈಗ ಆ ಮೂಲೆಯಲ್ಲೂ ಲಕ್ಷಗಟ್ಟಲೆ ಬಣ್ಣ ಬರುತ್ತದೆ. ತಂಬಿಗೆ ಈಗಷ್ಟೇ ಹುಣಸೆಹಣ್ಣಿನಲ್ಲಿ ಬೆಳಗಿ ಇಟ್ಟ ಹಾಗೆ ಹೊಳೆಯಿತು. ಖುಷಿ ತಡೆಯಲಾರದೆ ಗಂಡ ಪ್ರದೀಪರನ್ನು ಕರೆದು ತೋರಿಸಿದೆ. ಅವರು ಪರದೆಗೆ ಮೂಗು ತಾಗಿಸಿ ನೋಡಿದರು.

"ಇಷ್ಟಕ್ಕ ಇಷ್ಟು ದಿನ ತಗೊಂಡ್ಯಾ? ಕನ್ನಡಕ ಹಾಕ್ಕೊಂಡ್ರೂ ಕಾಣವಲ್ದಲ್ಲೇ!"

ಅವರಿಗೇನು ಗೊತ್ತು ಎಂದು ಮತ್ತೆ ತಂಬಿಗೆಯನ್ನೇ ನೋಡುತ್ತ ಕೂತೆ.

ಹೊಸದನ್ನು ಮೊದಲು ಹಾಕಲು ಹೋದದ್ದು ಸೊರಬ ತಾಲ್ಲೂಕಿನ ಜಡೆ ಊರಿನ ಹತ್ತಿರದ ಒಂದು ಹಳ್ಳಿಗೆ. ಅಲ್ಲಿಯದು ಹೆಂಗಸರದೇ ಸೊಸೈಟಿ. ಕಾರ್ಯದರ್ಶಿ ಯಮುನಮ್ಮ. ಐವತ್ತು ದಾಟಿದವರು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರಿಗೊಂದು ಅಭ್ಯಾಸವಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದು ಕಂಪ್ಯೂಟರ್ ಹಾಕುವುದು, ಆ ಮೂಲೆಯ ಐಕಾನ್ ಬರುವ ತನಕ ಕಾಯುವುದು, ಬಂದ ಮೇಲೆ ಅದಕ್ಕೆ ಕೈ ಮುಗಿದು ಕುರ್ಚಿಯಲ್ಲಿ ಕೂರುವುದು. ಆ ಹಳದಿ ಉಂಡೆ ಇವರ ಕಣ್ಣಿಗೆ ಚಂದ್ರಗುತ್ತಿಯ ದೇವಿಯ ಹಾಗೆ ಕಾಣುತ್ತದೆ ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ. ನನ್ನ ಕೆಟ್ಟ ಕೆಲಸಕ್ಕೆ ಪೂಜೆಯಾಗುವುದು ಇದೊಂದೇ ಊರಿನಲ್ಲಿ!

ಅವತ್ತೂ ಕೈ ಎತ್ತಿದರು. ಅರ್ಧಕ್ಕೇ ನಿಂತಿತು.

"ಇಲ್ಲಿದ್ದಿದ್ದು ಎಲ್ಲಿ ನಾಗಶ್ರೀ?"

"ಅದು ಚೆನ್ನಾಗಿರ್ಲಿಲ್ಲ ಯಮುನಕ್ಕ, ತೆಗ್ದೆ. ಈಗ ನೋಡ್ರಿ, ಎಷ್ಟು ಲಕ್ಷಣವಾಗಿದೆ!"

ಅವರು ಕೈ ಇಳಿಸಿ ಕೂತರು. ಸಾಲಿನಲ್ಲಿ ಮೊದಲು ನಿಂತಿದ್ದ ಮೀನಾ ತಂದ ಹಾಲನ್ನು ಗಂಗಾಶ್ರೀಯ ಹೆಸರಿಗೆ ಹಾಕಿದರು. ಅಳಿಸಿದರು, ಮತ್ತೆ ತಪ್ಪಿದರು. ಬಾಗಿಲ ತನಕ ಸಾಲು ಬೆಳೆಯಿತು. ಕೊನೆಗೆ ಎದ್ದೇಬಿಟ್ಟರು.

"ನಂಗೆ ಇದು ಆಗೂದಿಲ್ಲ ಮಾರಾಯ್ತಿ."

ಅಧ್ಯಕ್ಷೆ ರಾಜೇಶ್ವರಮ್ಮ ಅಲ್ಲೇ ಇದ್ದರು. "ಆಗ್ದಿದ್ರೆ ಬಿಡೇ ಯಮುನಾ, ಅದ್ಕೆ ಯಾಕೆ ಕಷ್ಟ ಪಡ್ತೀಯ? ನಮ್ ಸೊಸೆ ಅಶ್ವಿನಿ ಬಿಕಾಂ ಮಾಡಿ ಮನೇಲಿ ಕೂತಿದಾಳೆ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮರುದಿನ ಸಂಜೆ ಹಾಲು ಒಕ್ಕೂಟದ ಸೂಪರ್‌ವೈಸರ್ ಬರುವವರಿದ್ದರು. ಹೊಸ ಸಾಫ್ಟ್‌ವೇರಿನಲ್ಲಿ ಕಾರ್ಯದರ್ಶಿಯೇ ಸ್ವತಃ ಹಾಲು ಏರಿಸಿ ತೋರಿಸಬೇಕು, ಆಗದಿದ್ದರೆ ಆ ಜಾಗಕ್ಕೆ ಬೇರೆಯವರು. ಇಡೀ ಊರಿನಲ್ಲಿ ಯಮುನಮ್ಮನಿಗೆಂದೇ ಇದ್ದ ಕುರ್ಚಿ ಅದೊಂದು. ಮನೆಯಲ್ಲಿ ಅವರು ಕೂರುವುದು ಮೆಟ್ಟಿಲ ಮೇಲೆ.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅದೇ ಯೋಚನೆ. ಅವರ ದೇವರನ್ನು ತೆಗೆದು ತಂಬಿಗೆ ಇಟ್ಟೆನಲ್ಲ! ಸರಿ, ದೇವರನ್ನೇ ಕೊಡೋಣ ಎಂದು ಅಂಗಡಿಗೆ ಬಂದವಳೇ ಕೂತು ಬರೆದೆ. ಚಿನ್ನದ ಕಿರೀಟ, ಬೆಳ್ಳಿಯ ಕಣ್ಣು, ಕಿರೀಟದ ಸುತ್ತ ಪ್ರಭೆ. ಲಕ್ಷ ಬಣ್ಣದಲ್ಲಿ ಒಂದನ್ನೂ ಬಿಡಲಿಲ್ಲ. ಕಡಲೆಕಾಳಿನಷ್ಟು ಜಾಗದಲ್ಲಿ ಅಂಥ ದೇವಿಯನ್ನು ಬೇರೆ ಯಾರಾದರೂ ಕೂರಿಸಲಿ ನೋಡೋಣ ಎಂದು ನನಗೇ ಹೆಮ್ಮೆಯಾಯಿತು.

ಮರುದಿನ ಮಧ್ಯಾಹ್ನ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಮತ್ತೆ ಹೋದೆ. ಸೊಸೈಟಿಯಲ್ಲಿ ಯಮುನಮ್ಮ ಒಬ್ಬರೇ ಕ್ಯಾನು ತೊಳೆಯುತ್ತಿದ್ದರು. ದೇವಿಯನ್ನು ತೋರಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಭಕ್ತಿಯಿಂದಲೇ ಮುಗಿದರು. ಕುರ್ಚಿಯಲ್ಲಿ ಮಾತ್ರ ಕೂರಲಿಲ್ಲ.

"ಚೆಂದ ಮಾಡಿದೀಯ. ಸಂಜೆ ಅಶ್ವಿನಿನೇ ಕೂರ್ಲಿ."

ನನಗೆ ರೇಗಿತು. ಎರಡು ದಿನದ ಬಸ್ಸಿನ ಧೂಳು, ಕಣ್ಣುರಿ ಎಲ್ಲ ಸೇರಿ ಬಾಯಿಗೆ ಬಂತು. "ದೇವರು ಬೇಕು ಅಂತಿದ್ರಿ, ದೇವರನ್ನ ತಂದೆ! ಇನ್ನೇನ್ ಮಾಡ್ಬೇಕ್ರೀ ನಾನು?"

"ನಂಗೆ ದೇವ್ರು ಬೇಕು ಅಂತ ಯಾವತ್ತು ಹೇಳ್ದೆ?" ಅವರೂ ದನಿ ಏರಿಸಿದರು. ಆಮೇಲೆ ಕ್ಯಾನಿನ ಮುಚ್ಚಳವನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದರು: "ದೇವ್ರು ಗೋಡೆ ಮೇಲೂ ಇದಾಳೆ. ಮೂಲೇಲಿದ್ದಿದ್ದು ನಮ್ಮವ್ವನ ಮುಖ ಕಣೇ."

ನಾನು ಪರದೆ ಬಿಟ್ಟು ಅವರ ಕಡೆ ತಿರುಗಿದೆ.

"ಅವ್ವ ದಿನಾ ಅರಿಶಿನ ಹಚ್ಕಂತಿದ್ಲು. ಹಣೆ ತುಂಬ ಕುಂಕುಮ. ಕೂದ್ಲು ಇಷ್ಟು ದಪ್ಪ. ನಾನು ಸಣ್ಣೋಳಿದ್ದಾಗ್ಲೇ ಹೋಗ್ಬಿಟ್ಲು. ಅವ್ಳದ್ದು ಒಂದು ಫೋಟೋ ತೆಗ್ಸಿದವ್ರಿಲ್ಲ. ಬರ್ತಾ ಬರ್ತಾ ಮುಖಾನೇ ಮರ್ತು ಹೋಗಿತ್ತು ನಂಗೆ. ನೀನು ಈ ಕಂಪ್ಯೂಟರ್ ತಂದಿಟ್ಟ ದಿನ ಎದ್ದು ಓಡೋಣ ಅಂತಿದ್ದೆ. ನೋಡ್ತೀನಿ, ಮೂಲೇಲಿ ಅವ್ವ ಕೂತಿದಾಳೆ. ಹಂಗಾಗಿ ನಾನೂ ಕೂತೆ."

ನನ್ನ ಜೀವಮಾನದ ನಾಚಿಕೆ ಎಂದು ನಾನು ಅಂದುಕೊಂಡಿದ್ದು ಇನ್ನೊಬ್ಬರಿಗೆ ತಾಯಿಯ ಮುಖವಾಗಿತ್ತು. ಅದನ್ನು ಅಳಿಸಿ, ಎಷ್ಟು ಲಕ್ಷಣವಾಗಿದೆ ನೋಡಿ ಎಂದು ಬೇರೆ ಹೇಳಿದ್ದೆ. ಬಹಳ ದುಃಖವಾಯಿತು.

ಲ್ಯಾಪ್‌ಟಾಪಿನಲ್ಲಿ ಹಳೆಯ ಸಾಫ್ಟ್‌ವೇರ್ ಇನ್ನೂ ಇತ್ತು. ಅದನ್ನು ತೆರೆದು ಆ ಮೂಲೆಯನ್ನು ದೊಡ್ಡದು ಮಾಡಿಕೊಂಡೆ. ಹಳೆಯ ಚಿತ್ರವನ್ನು ಹಾಗೇ ತಂದು ಹಾಕುವಂತಿರಲಿಲ್ಲ, ಹಾಕಿದರೆ ಮತ್ತೆ ಚೊಕ್ಕ ತಂಬಿಗೆಯೇ ಬರುತ್ತದೆ. ಹಾಗಾಗಿ ಅವತ್ತು ತಾನಾಗಿ ಆದ ತಪ್ಪನ್ನು ಈಗ ಬೇಕೆಂದೇ, ಒಂದೊಂದು ಪಿಕ್ಸೆಲಿನ ಪುಟ್ಟ ಚೌಕವನ್ನೂ ನೋಡಿ ನೋಡಿ ಬರೆಯಬೇಕಾಯಿತು. ಹಳದಿಯ ಪಕ್ಕ ಹಳದಿ, ಮೇಲೆ ಕಪ್ಪು, ನಡುವೆ ಕೆಂಪು. ಯಮುನಮ್ಮ ನನ್ನ ಹೆಗಲ ಹಿಂದೆ ನಿಂತು ನೋಡುತ್ತಿದ್ದರು. ಕೊನೆಯ ಚೌಕ ತುಂಬಿ, ಅದನ್ನು ಸೊಸೈಟಿಯ ಕಂಪ್ಯೂಟರಿಗೆ ಹಾಕಿದೆ. ಗಡಿಯಾರದ ಪಕ್ಕ ಅದು ಬಂದು ಕೂತಿತು.

"ಹೂಂ" ಎಂದರು. ಪರದೆಗೆ ಬಗ್ಗಿ ಕೇಳಿದರು: "ಈಗ ಬಣ್ಣ ಜಾಸ್ತಿ ಬರುತ್ತೆ ಅಂದ್ಯಲ್ಲ?"

"ಎಷ್ಟು ಬೇಕಾದ್ರೂ ಬರುತ್ತೆ ಯಮುನಕ್ಕ."

"ಹಂಗಾದ್ರೆ ಒಂದು ಮೂಗುತಿ ಇಡೂಕಾಗುತ್ತಾ? ಅವ್ಳಿಗಿತ್ತು. ಒಂಟಿ ಕೆಂಪು ಹರಳು."

ಆ ಗಾತ್ರದ ಮುಖದಲ್ಲಿ ಮೂಗುತಿ ಎಂದರೆ ಒಂದೇ ಒಂದು ಚೌಕ. ಅಲ್ಲಿ ಕೆಂಪು ಇಟ್ಟೆ.

"ಅಷ್ಟು ಕೆಂಪಲ್ಲ. ಒಲೆ ಮುಂದೆ ಕೂತೂ ಕೂತೂ ಮಂಕಾಗಿತ್ತು."

ಬಣ್ಣಗಳ ಪಟ್ಟಿ ತೆರೆದು ಮೌಸಿನ ಬಾಣವನ್ನು ನಿಧಾನವಾಗಿ ಸರಿಸುತ್ತ ಹೋದೆ. ಇದಾ? ಅಲ್ಲ. ಇದಾ? ಇನ್ನೂ ಒಂಚೂರು ಕಪ್ಪು. ಅವರು ಕುರ್ಚಿಯನ್ನು ಎಳೆದುಕೊಂಡು ಪಕ್ಕದಲ್ಲೇ ಕೂತರು. ಕೂತದ್ದು ಅವರಿಗೇ ಗೊತ್ತಾಗಲಿಲ್ಲ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದವರು ಒಮ್ಮೆಲೇ ನನ್ನ ಮೊಣಕೈ ಹಿಡಿದರು.

"ನಿಲ್ಸು. ಇದೇ."

ಕಂದಿದ, ಹೊಗೆ ಹಿಡಿದ ಒಂದು ಕೆಂಪು. ನಾನಾಗಿ ಯಾವತ್ತೂ ಆರಿಸುತ್ತಿದ್ದ ಬಣ್ಣವಲ್ಲ ಅದು. ಆ ಹಳೆಯ ಹದಿನಾರರಲ್ಲಿ ಇದ್ದದ್ದೂ ಅಲ್ಲ.

ಸಂಜೆ ಸೂಪರ್‌ವೈಸರ್ ಬಂದಾಗ ಸಾಲು ಅಂಗಳ ದಾಟಿತ್ತು. ರಾಜೇಶ್ವರಮ್ಮ ಸೊಸೆಯನ್ನು ಕರೆದುಕೊಂಡೇ ಬಂದಿದ್ದರು. ಯಮುನಮ್ಮ ಮೂಲೆಗೆ ಕೈ ಮುಗಿದು ಕೂತು, ಮೊದಲ ಕ್ಯಾನಿನ ಹಾಲು ಏರಿಸಿದರು. ಎರಡನೆಯದು, ಮೂರನೆಯದು. ಒಂದು ಹೆಸರೂ ತಪ್ಪಲಿಲ್ಲ. ಅಶ್ವಿನಿ ಸ್ವಲ್ಪ ಹೊತ್ತು ನೋಡಿ, ಹಾಲಿನ ಸ್ಯಾಂಪಲ್ ಹಿಡಿಯಲು ಆ ಕಡೆ ಹೋದಳು. ಸೂಪರ್‌ವೈಸರ್ ಕುರ್ಚಿಯ ಹಿಂದೆ ನಿಂತು ತಲೆಯಾಡಿಸುತ್ತಿದ್ದವರು, ಪರದೆಯ ಮೂಲೆಗೆ ಬಗ್ಗಿ, "ಇದೇನ್ರೀ ಮೇಡಂ ಇಲ್ಲಿ, ಕಲೆನಾ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಯಮುನಮ್ಮ ತಿರುಗದೆ ಹೇಳಿದರು.

"ನಮ್ಮವ್ವ ಸಾರ್. ನೀವು ಒಂಚೂರು ಹಿಂದೆ ನಿಂತ್ಕಳಿ, ಹಾಲು ಹಾಕೋರು ಕಾಯ್ತಿದಾರೆ."